6-12-8 ಬಾಯಿಪಾಠ ಸಾಕು, ಬ್ಯಾರನ್ ಹತ್ರ ಕರ್ಕೊಂಡು ಹೋಗಿ

1/4
ಘನಕ್ಕೆ 6 ಮುಖ, 12 ಅಂಚು, 8 ಶೃಂಗ. ನಿಮ್ಮ ಮಗುವನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಹೇಳುತ್ತೆ. ಈಗ ಫೋಟೋದಲ್ಲಿರೋ ತಂಬಾಕು ಬ್ಯಾರನ್ ತೋರಿಸಿ ಕೇಳಿ. ಚಾರ್ಟ್‌ನಲ್ಲಿ ಬ್ಯಾರನ್ ಇಲ್ಲ, ಹಾಗಾಗಿ ಉತ್ತರವೂ ಇಲ್ಲ. ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮಕ್ಕಳು ದಿನಾ ಇದರ ಪಕ್ಕದಲ್ಲೇ ಶಾಲೆಗೆ ನಡೀತಾರೆ. ಇದನ್ನ ಗಣಿತ ಕಲಿಸೋದು ಅಂತೀರಾ?

2/4
ಬಾಗಿಲು, ಚಿಮಣಿ ಬಿಟ್ಟುಬಿಡಿ. ಗೋಡೆ 4, ಚಾವಣಿಯ ಇಳಿಜಾರು 2, ನೆಲ 1. ಮುಖ 7. ಮೂಲೆ ನೆಲದಲ್ಲಿ 4, ಗೋಡೆ ತುದಿಯಲ್ಲಿ 4, ಚಾವಣಿಯ ನೆತ್ತಿಯಲ್ಲಿ 2. ಶೃಂಗ 10. ಅಂಚು ನೀವೇ ಬೆರಳು ಮಡಚಿ ಎಣಿಸಿ, 15 ಬರಬೇಕು. 7+10−15 = 2. ಘನಕ್ಕೂ 6+8−12, ಅದೇ 2. ಆಯ್ಲರ್ ಸೂತ್ರ ಅಂತ ಬರೆಸ್ತಾರಲ್ಲ, ಇದೇ ಅದು. 1750ರಲ್ಲಿ ಆತ ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿದೆ.

ಯಾವುದೋ ಮಗು "9 ಮುಖ" ಅನ್ನುತ್ತೆ. ಹಿಂದೆ ಮುಂದೆ ಗೋಡೆ ಮೇಲಿನ ತ್ರಿಕೋನಗಳನ್ನ ಬೇರೆ ಎಣಿಸಿರುತ್ತೆ. ಕೆಂಪು ಗೀಟು ಎಳೀಬೇಡಿ! ಎರಡು ಗೆರೆ ಹೆಚ್ಚಾಗಿ ಅಂಚು 17 ಆಯ್ತು. 9+10−17, ಮತ್ತೆ 2. ಗೋಡೆ ಅಲ್ಲಿ ಮಡಚಿದೆಯಾ, ಒಂದೇ ಸಮ ಇದೆಯಾ ನೋಡು ಅನ್ನಿ. ಮುಖ ಅಂದ್ರೇನು ಅಂತ ತಲೆಗೆ ಹೋಗೋದು ಆ ಜಗಳದಲ್ಲೇ.

3/4
ಎಣಿಕೆ ಗೊತ್ತಿದ್ರೆ ಆಕಾರ ಗೊತ್ತಿದ್ದ ಹಾಗೆ ಅನ್ನೋರು ಬಟ್ಟೆ ಸೋಪಿನ ಒಂದು ಮೂಲೆಯನ್ನ ಚಾಕುವಿನಲ್ಲಿ ಕತ್ತರಿಸಿ. ಮುಖ 7, ಅಂಚು 15, ಶೃಂಗ 10. ಬ್ಯಾರನ್‌ದೇ ಲೆಕ್ಕ! ಸೋಪು ಬ್ಯಾರನ್ ಥರ ಕಾಣುತ್ತಾ?

4/4
ಇನ್ನು ಆ ಒಂದು ಮಾರ್ಕಿನ ಪ್ರಶ್ನೆ: ಸಿಲಿಂಡರಿಗೆ ಎಷ್ಟು ಅಂಚು? ಅಂಚು ನೇರ ಇರಲೇಬೇಕು ಅಂದ್ರೆ 0, ಎರಡು ಮೇಲ್ಮೈ ಸೇರೋ ಗೆರೆ ಅಂದ್ರೆ 2. ಯಾವ ಅರ್ಥ ಅಂತ ಹೇಳದೆ ಮಾರ್ಕು ಕಳೆಯೋದು ಅನ್ಯಾಯ. ಕೆ.ಆರ್. ನಗರದ ಭತ್ತದ ಮನೆಗಳಲ್ಲಿ ಪಾವು ಇದ್ದೇ ಇರುತ್ತೆ. ಮಗು ಅದರ ಬಾಯಿ ಸುತ್ತ ಬೆರಳಾಡಿಸಲಿ, ಆಮೇಲೆ ಕೇಳಿ.

"ಸಿಲಬಸ್ ಮುಗೀಬೇಕು, ಟೈಮ್ ಎಲ್ಲಿದೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಲಿ-ಕಲಿ 1995ರಲ್ಲಿ ಶುರುವಾಗಿದ್ದು ಎಲ್ಲಿ ಹೇಳಿ? ನಮ್ಮ ಎಚ್.ಡಿ. ಕೋಟೆಯಲ್ಲಿ. ಸರ್ಕಾರಿ ಶಾಲೆ ಮೇಷ್ಟ್ರುಗಳೇ ರಿಷಿವ್ಯಾಲಿಗೆ ಹೋಗಿ ನೋಡಿಬಂದು, ಕಾರ್ಡು ಮಾಡಿ ಮಕ್ಕಳ ಕೈಗೆ ಕೊಟ್ರು. ಆಮೇಲೆ ಇಡೀ ರಾಜ್ಯ ತಗೊಳ್ತು. 3ನೇ ಕ್ಲಾಸ್ ದಾಟಿದ ಕೂಡಲೇ ಅದೇ ಕೈಗಳನ್ನ ಕಟ್ಟಿಸಿ ಚಾರ್ಟ್ ಒಪ್ಪಿಸಿ ಅಂತ ಯಾರು ಹೇಳಿದ್ರು?

ಒಂದು ಪೀರಿಯಡ್ ಸಾಕು. ಜೂನ್‌ನಲ್ಲೇ ಹೋಗಿ, ಬ್ಯಾರನ್‌ಗೆ ಇನ್ನೂ ಬೆಂಕಿ ಹಾಕಿರಲ್ಲ, ಒಳಗೂ ನಿಂತು ಎಣಿಸಬಹುದು.