ಹೋಟೆಲು ಕಾರ್ಮಿಕನ ಗಾಯಕ್ಕೆ ಹೊಣೆ ಯಾರು?

ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿಯೂ ಅದಕ್ಕೆ ಹೊಂದಿಕೊಂಡ ಆರ್.ಕೆ. ಪುರಂನಲ್ಲಿಯೂ ನೆಲೆಸಿರುವ ಕನ್ನಡಿಗರಿಗೆ ಭಾನುವಾರದ ಬೆಳಗಿನ ಇಡ್ಲಿ, ದೋಸೆ ಎಂದರೆ ಬರಿಯ ತಿಂಡಿಯಲ್ಲ, ಊರಿನ ನೆನಪು. ತಟ್ಟೆಯನ್ನು ತಂದಿಡುವ ಮಾಣಿಯ ಮುಖ ಗಿರಾಕಿಗಳಿಗೆ ಪರಿಚಿತವೇ. ಆದರೆ ಒಳಗೆ ಕಾದ ಕಾವಲಿಯ ಮುಂದೆ, ಕುದಿಯುವ ಎಣ್ಣೆಯ ಬಾಣಲೆಯ ಪಕ್ಕದಲ್ಲಿ, ಹಿಟ್ಟು ರುಬ್ಬುವ ಯಂತ್ರದ ಬಳಿ ದುಡಿಯುವವನ ಕೈ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಕೈ ಸುಟ್ಟಾಗ ಅಥವಾ ಬೆರಳು ತುಂಡಾದಾಗ ಸಾಮಾನ್ಯವಾಗಿ ನಡೆಯುವುದೇನು? ಮರುಕವುಳ್ಳ ಧಣಿಯಾದರೆ ಆಸ್ಪತ್ರೆಯ ಖರ್ಚನ್ನು ಕೊಟ್ಟು, ಕೈಯಲ್ಲಿ ಒಂದಿಷ್ಟು ಹಣವಿರಿಸಿ, ಊರಿನ ರೈಲು ಹತ್ತಿಸುತ್ತಾನೆ. ಹುಡುಗನು ಕೈಮುಗಿದು ಹೊರಡುತ್ತಾನೆ. ಕೆಲಸ ಕೊಟ್ಟವನು ತನ್ನ ಊರಿನವನು, ಬಹುಶಃ ದೂರದ ನೆಂಟನೂ ಹೌದು. ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಕಲಿಸಿದ್ದಾರೆ. ಹೀಗೆ ಪರಸ್ಥಳದಲ್ಲಿ ಕನ್ನಡಿಗನಿಗೆ ಆಸರೆಯಾದ ಊರಿನ ನಂಟೇ ಅವನ ಬಾಯಿಗೆ ಬೀಗವನ್ನೂ ಹಾಕುತ್ತದೆ.

ಆದರೆ ಕಾನೂನು ಇದನ್ನು ಧಣಿಯ ಔದಾರ್ಯಕ್ಕೆ ಬಿಟ್ಟಿಲ್ಲ. ಕೆಲಸದಿಂದ, ಕೆಲಸದ ವೇಳೆಯಲ್ಲಿ ಉಂಟಾದ ಅಪಘಾತಕ್ಕೆ ಮಾಲೀಕನೇ ಹೊಣೆಯೆಂದು 1923ರ ಕಾರ್ಮಿಕರ ಪರಿಹಾರ ಕಾಯಿದೆಯೇ ವಿಧಿಸಿತ್ತು. ಆ ಕಾಯಿದೆಯ ತಿರುಳು ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಮಾಲೀಕನ ತಪ್ಪನ್ನು ಕಾರ್ಮಿಕನು ಸಾಧಿಸಿ ತೋರಿಸಬೇಕಾಗಿಲ್ಲ. ಹುಡುಗನು ಅಜಾಗರೂಕನಾಗಿದ್ದನೆಂಬ ಮಾತೊಂದರಿಂದಲೇ ಹೊಣೆ ತಪ್ಪುವುದೂ ಇಲ್ಲ. 'ಇನ್ನು ಯಾವ ಹಕ್ಕೂ ಇಲ್ಲ' ಎಂದು ಬರೆಸಿಕೊಂಡ ಕಾಗದಕ್ಕೆ ನ್ಯಾಯದಲ್ಲಿ ಬೆಲೆಯಿಲ್ಲ.

ಈ ಹಕ್ಕಿನ ಮೌಲ್ಯವೆಷ್ಟೆಂದು ಒಂದು ಲೆಕ್ಕದಿಂದ ತಿಳಿಯಬಹುದು. ತಿಂಗಳಿಗೆ 15,000 ರೂ. ಸಂಬಳದ 25 ವರ್ಷದ ಅಡಿಗೆಯವನೊಬ್ಬನು ರುಬ್ಬುವ ಯಂತ್ರಕ್ಕೆ ಸಿಕ್ಕಿ ಒಂದು ಹೆಬ್ಬೆರಳನ್ನು ಕಳೆದುಕೊಂಡನೆಂದು ಭಾವಿಸೋಣ. ಕಾನೂನಿನ ಪಟ್ಟಿಯಂತೆ ಗಳಿಕೆಯ ಶಕ್ತಿಯಲ್ಲಿ ಅವನಿಗಾದ ನಷ್ಟ ಶೇಕಡಾ 30. ಸಂಬಳದ ಶೇಕಡಾ 60ನ್ನು ಅವನ ವಯಸ್ಸಿಗೆ ಗೊತ್ತುಪಡಿಸಿದ 216.91 ಎಂಬ ಗುಣಕದಿಂದ ಗುಣಿಸಿ, ಬಂದ ಮೊತ್ತದಲ್ಲಿ ಶೇಕಡಾ 30ನ್ನು ತೆಗೆದರೆ 5,85,657 ರೂ. ಆಗುತ್ತದೆ. ರೈಲು ಹತ್ತಿಸುವಾಗ ಕೊಟ್ಟ ಕೆಲವು ಸಾವಿರದೊಡನೆ ಇದನ್ನು ಹೋಲಿಸಿದರೆ, ಔದಾರ್ಯವೆಂದು ತೋರಿದ್ದು ಸಾಲದ ಅಲ್ಪ ಭಾಗವೆಂಬುದು ಮನದಟ್ಟಾದೀತು. ಪಟ್ಟಿಯ ಅಂಕಿಯೇ ಕೊನೆಯ ಮಾತಲ್ಲ. ಎಡಗೈಯನ್ನು ಕಳೆದುಕೊಂಡ ಬಡಗಿಯೊಬ್ಬನು ತನ್ನ ಕಸುಬಿಗೆ ಸಂಪೂರ್ಣ ಅಸಮರ್ಥನಾದನೆಂದು ಸರ್ವೋಚ್ಚ ನ್ಯಾಯಾಲಯವು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿದಿದೆ. ಬಡಗಿಯ ಕೈಗೆ ಸಂದ ನ್ಯಾಯವು ಬಾಣಸಿಗನ ಕೈಗೂ ಸಲ್ಲತಕ್ಕದ್ದು.

ಹತ್ತು ಮಂದಿ ಅಥವಾ ಹೆಚ್ಚು ಜನ ದುಡಿಯುವ ಹೋಟೆಲುಗಳಿಗೆ ಇ.ಎಸ್.ಐ. ಎಂಬ ರಾಜ್ಯ ವಿಮಾ ಯೋಜನೆ ಅನ್ವಯಿಸುತ್ತದೆ. 1952ರಲ್ಲಿ ಇದು ಮೊದಲು ಆರಂಭವಾದುದು ಕಾನ್ಪುರ ಮತ್ತು ದೆಹಲಿಯಲ್ಲಿಯೇ. 2019ರ ಜುಲೈಯಲ್ಲಿ ಸಂಬಳದ ಮೇಲಿನ ವಂತಿಗೆಯನ್ನು ಮಾಲೀಕನಿಗೆ ಶೇಕಡಾ 3.25ಕ್ಕೂ ನೌಕರನಿಗೆ 0.75ಕ್ಕೂ ಇಳಿಸಲಾಯಿತು. ವಿಮೆಗೆ ಒಳಪಟ್ಟವನಿಗೆ ಪರಿಹಾರವನ್ನೂ ಚಿಕಿತ್ಸೆಯನ್ನೂ ಆ ನಿಗಮವೇ ಕೊಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ಗಾಯವಾದರೂ ರಕ್ಷಣೆಯುಂಟು. ಗುಣವಾಗುವ ತನಕ ಸಂಬಳದ ಸುಮಾರು ಶೇಕಡಾ 90 ದೊರೆಯುತ್ತದೆ. ಸಣ್ಣ ಹೋಟೆಲಿಗೆ ಈ ಭಾರ ತಡೆಯದೆಂಬ ಮಾಲೀಕರ ಅಳಲನ್ನು ತಳ್ಳಿಹಾಕಲಾಗದು. ಬಾಡಿಗೆ, ಗ್ಯಾಸು, ತರಕಾರಿ ಎಲ್ಲವೂ ದುಬಾರಿ. ಆದರೆ ಹತ್ತಕ್ಕಿಂತ ಕಡಿಮೆ ಆಳುಗಳಿರುವ ಮಾಲೀಕನೂ ವಿಮಾ ಕಂಪೆನಿಗಳಿಂದ ನೌಕರರ ಪರಿಹಾರದ ಪಾಲಿಸಿಯನ್ನು ಕೊಳ್ಳಬಹುದು. ವಿಮೆಯಿಲ್ಲದೆ ಒಂದು ಅಪಘಾತವಾದರೆ ಆ ಹೋಟೆಲೇ ಮುಳುಗೀತು.

ನಿಜವಾದ ತೊಡಕಿರುವುದು ದಾಖಲೆಯಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ, ಸಂಬಳದ ಚೀಟಿಯಿಲ್ಲದವನಿಗೆ ತಾನು ಅಲ್ಲಿ ದುಡಿದೆನೆಂದು ತೋರಿಸುವುದೇ ದೊಡ್ಡ ಯುದ್ಧ. ಗಾಯವಾದ ದಿನ 'ಮನೆಯಲ್ಲಿ ಸುಟ್ಟಿತು' ಎಂದು ಆಸ್ಪತ್ರೆಯಲ್ಲಿ ಬರೆಸಿದರೆ ಆ ಯುದ್ಧ ಅರ್ಧ ಸೋತಂತೆಯೇ. ಸುಟ್ಟ ಜಾಗಕ್ಕೆ ಮಂಜುಗಡ್ಡೆ, ಅರಿಸಿನ, ಹಲ್ಲಿನ ಪೇಸ್ಟು ಹಚ್ಚದೆ, ಕೂಡಲೇ 20 ನಿಮಿಷ ತಣ್ಣೀರನ್ನು ಹರಿಯಬಿಡಬೇಕು. ಅನಂತರ ಸಫ್ದರ್‌ಜಂಗ್ ಆಸ್ಪತ್ರೆಯಂತಹ ಸುಟ್ಟಗಾಯಗಳ ವಿಭಾಗವುಳ್ಳೆಡೆಗೆ ಒಯ್ದು, ನಡೆದುದನ್ನು ನಡೆದಂತೆಯೇ ಬರೆಸಬೇಕು. ಹೊರರೋಗಿ ಚೀಟಿಯನ್ನು ಜೋಪಾನವಾಗಿಡಬೇಕು. ಎರಡು ವರ್ಷದೊಳಗೆ ಹಕ್ಕನ್ನು ಮಂಡಿಸಬೇಕು.

ಇಲ್ಲಿ ಕನ್ನಡ ಸಂಘಗಳ ಕರ್ತವ್ಯವೂ ಇದೆ. ಮುಂಬಯಿಯ ಕನ್ನಡಿಗರು ಹಿಂದೆ ಹೋಟೆಲಿನ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ, ತಟ್ಟೆ ತೊಳೆದ ಕೈಗಳಿಗೆ ಪುಸ್ತಕ ಕೊಟ್ಟರು. ದೆಹಲಿಯ ಸಂಘಗಳಲ್ಲಿ ವಕೀಲರಿಗೆ, ವೈದ್ಯರಿಗೆ, ಸರಕಾರಿ ಅಧಿಕಾರಿಗಳಿಗೆ ಕೊರತೆಯಿಲ್ಲ. ತಿಂಗಳಿಗೊಂದು ಸಂಜೆ ಅವರು ಹೋಟೆಲು ಕಾರ್ಮಿಕರಿಗಾಗಿ ಕುಳಿತು, ಹಿಂದಿಯ ಅರ್ಜಿಗಳನ್ನು ತುಂಬಿಕೊಟ್ಟರೆ ಸಾಕು. ರಾಜ್ಯೋತ್ಸವದ ಊಟದ ಗುತ್ತಿಗೆಯನ್ನು ಕೊಡುವಾಗಲೂ 'ನಿಮ್ಮ ಆಳುಗಳ ವಿಮೆಯಾಗಿದೆಯೇ?' ಎಂದು ಕಾರ್ಯದರ್ಶಿಗಳು ಕೇಳಬಹುದು.

ಉಂಡ ಮನೆಯ ಜಂತೆಯನ್ನು ಎಣಿಸಬಾರದೆಂಬುದು ಉಂಡವನಿಗೆ ಹೇಳಿದ ಮಾತು. ಅಡಿಗೆ ಮಾಡಿ ಬಡಿಸಿದವನು ತನ್ನ ಬೆರಳುಗಳನ್ನು ಎಣಿಸಿಕೊಂಡರೆ ಅದು ಕೃತಘ್ನತೆಯೆನಿಸದು.