ಬರೀ ಗ್ಯಾಸ್ ಅಲ್ಲ ಸ್ವಾಮಿ

ಬೆನ್ನುನೋವು ಅಂದ್ರೆ ಆಫೀಸಲ್ಲಿ ಹೊಸ ಕುರ್ಚಿ ಕೊಡ್ತಾರೆ. ಜ್ವರ ಅಂದ್ರೆ ರಜೆ ಕೊಡ್ತಾರೆ. ಹೊಟ್ಟೆ ಸರಿಯಿಲ್ಲ ಅಂದ್ರೆ ನಗ್ತಾರೆ. ಅದಕ್ಕೇ ನಾನು ಆರು ವರ್ಷ ಸುಳ್ಳು ಹೇಳಿದೆ. ಬೆಳಗಿನ ಮೀಟಿಂಗಿಗೆ ತಡವಾದಾಗಲೆಲ್ಲ ತಪ್ಪನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಮೇಲೆ ಹಾಕಿದೆ. ನಿಜ ಏನಂದ್ರೆ, ಶೂ ಹಾಕ್ಕೊಂಡ ಮೇಲೂ ಮೂರು ಸಲ ಟಾಯ್ಲೆಟ್ಟಿಗೆ ಓಡಿರ್ತಿದ್ದೆ. ತಂಗಿ ಮದುವೆಗೆ ಊರಿಂದ ಹೊರಟ ಬಸ್ಸನ್ನೂ ಹತ್ತಲಿಲ್ಲ. ‘ನಡುದಾರೀಲಿ ನಿಲ್ಲಿಸಿ’ ಅನ್ನೋ ಧೈರ್ಯ ಇರಲಿಲ್ಲ.

ಈ ಕಾಯಿಲೆಗೆ ಹೆಸರಿದೆ: ಇರಿಟಬಲ್ ಬವೆಲ್ ಸಿಂಡ್ರೋಮ್, ಐಬಿಎಸ್. ಸ್ಕ್ಯಾನು, ಸ್ಕೋಪು ಎಲ್ಲ ನಾರ್ಮಲ್ ಬರುತ್ತೆ. ನನ್ನ ರಿಪೋರ್ಟ್ ನೋಡಿದ ವೈದ್ಯರೊಬ್ಬರು ‘ಏನೂ ಇಲ್ಲ, ಬರೀ ಗ್ಯಾಸು’ ಅಂತ ಕಳಿಸಿಬಿಟ್ರು. ಹಾರ್ಡ್‌ವೇರ್ ಸರಿಯಿದ್ರೆ ಸಾಫ್ಟ್‌ವೇರಲ್ಲಿ ಬಗ್ ಇರಲ್ಲ ಅಂತ ನಮ್ಮಲ್ಲಿ ಯಾರಾದ್ರೂ ಹೇಳ್ತಾರಾ? ಕರುಳಿಗೂ ಮಿದುಳಿಗೂ ಸದಾ ನಡೆಯೋ ಮಾತುಕತೆ ಇಲ್ಲಿ ಹದ ತಪ್ಪಿರುತ್ತೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನಮಗೆ ನೋವಾಗುತ್ತೆ. ಇದು ನಾಟಕ ಅಲ್ಲ.

ಇನ್ನೊಂದು ಪಂಗಡ ಇದೆ: ‘ಪಿಜ್ಜಾ ಬಿಡು ಗುರು, ಹಳ್ಳಿ ಊಟ ಮಾಡು.’ ಸ್ವಾಮಿ, ನಾನು ಹಳ್ಳಿಯವನೇ. ಹಿತಕಿದಬೇಳೆ ಸಾರಲ್ಲಿ ಮುದ್ದೆ ಅದ್ದಿ ನುಂಗಿ ಬೆಳೆದವನು. ನನ್ನನ್ನ ಮಲಗಿಸಿದ್ದು ಪಿಜ್ಜಾ ಅಲ್ಲ, ಅದೇ ಸಾರು. ಅವರೆಕಾಳು, ಈರುಳ್ಳಿ, ಬೆಳ್ಳುಳ್ಳಿಯಲ್ಲಿರೋ ಕೆಲವು ಶರ್ಕರಗಳು ಸಣ್ಣಕರುಳಲ್ಲಿ ಜೀರ್ಣವಾಗಲ್ಲ. ದೊಡ್ಡಕರುಳಿನ ಬ್ಯಾಕ್ಟೀರಿಯಾ ಅವನ್ನ ಹುದುಗಿಸಿ ಗಾಳಿ ಮಾಡ್ತವೆ. ಕರುಳಿಗೆ ಊರಿನ ಅಭಿಮಾನ ಗೊತ್ತಿಲ್ಲ.

ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಇಂಥ ಶರ್ಕರಗಳನ್ನ ಕಡಿಮೆ ಮಾಡೋ ‘ಲೋ ಫಾಡ್‌ಮ್ಯಾಪ್’ ಪಥ್ಯ ರೂಪಿಸಿದ್ದಾರೆ. ಇದನ್ನೂ ನಮ್ಮ ಜನ ಕೆಡಿಸಿದ್ರು. ಹಾಲು ಬಿಡು, ಗೋಧಿ ಬಿಡು, ಬೇಳೆ ಬಿಡು, ಬದುಕೇ ಬಿಡು! ಆದರೆ ಬಿಡೋದು 2ರಿಂದ 6 ವಾರ ಮಾತ್ರ. ಆಮೇಲೆ ಒಂದೊಂದನ್ನೇ ವಾಪಸ್ ತಂದು ಪರೀಕ್ಷೆ ಮಾಡಬೇಕು. ಒಂದೇ ಸಲ ಹತ್ತು ಕಡೆ ಕೋಡ್ ಬದಲಾಯಿಸಿದ್ರೆ ಬಗ್ ಎಲ್ಲಿತ್ತು ಅಂತ ಗೊತ್ತಾಗುತ್ತಾ? ಡಯಟೀಶಿಯನ್ ಒಬ್ಬರ ಜೊತೆ ಮಾಡಿದ್ರೆ ಇನ್ನೂ ಒಳ್ಳೇದು.

ನನ್ನ ಲೆಕ್ಕ ಹೀಗೆ ಬಂತು: ಹಾಲು ಪರವಾಗಿಲ್ಲ, ಅವರೆಕಾಳು ಒಂದು ಹಿಡಿ ನಡೆಯುತ್ತೆ, ಈರುಳ್ಳಿ-ಬೆಳ್ಳುಳ್ಳಿ ಆಗಲ್ಲ. ನಿಮ್ಮ ಲೆಕ್ಕ ಬೇರೆ ಇರಬಹುದು. ಕ್ಯಾಂಟೀನಲ್ಲಿ ‘ಏನ್ ಮಗಾ, ಜಾತಿ ಚೇಂಜಾ?’ ಅಂದ್ರು. ಅಮ್ಮ ‘ನಾನ್ ಮಾಡಿದ್ದು ತಿಂದ್ರೆ ಹೊಟ್ಟೆನೋವಾ ನಿಂಗೆ?’ ಅಂತ ಕಣ್ಣು ಒರೆಸಿಕೊಂಡಳು. ಅದು ಹೊಟ್ಟೆನೋವಿಗಿಂತ ಜಾಸ್ತಿ ನೋಯ್ತು. ಬೆಳ್ಳುಳ್ಳಿಯ ಆ ಶರ್ಕರ ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ. ಹಾಗಾಗಿ ಅಮ್ಮ ಈಗ ಎಸಳನ್ನ ಎಣ್ಣೆಯಲ್ಲಿ ಹುರಿದು ತೆಗೆದುಹಾಕಿ, ಅದೇ ಎಣ್ಣೆಗೆ ಇಂಗು ಹಾಕಿ ಒಗ್ಗರಣೆ ಕೊಡ್ತಾಳೆ. ಘಮ ಉಳಿದಿದೆ, ಮಗನೂ ಉಳಿದಿದ್ದಾನೆ.

ಊಟ ಒಂದೇ ಸಾಲದು. ಹೊತ್ತಿಗೆ ಸರಿಯಾಗಿ ತಿನ್ನೋದು, ಕಾಫಿ ಕಡಿಮೆ ಮಾಡೋದು, ದಿನಾ ನಡೆಯೋದು, ನಿದ್ದೆ ಮಾಡೋದು, ಇವೂ ಚಿಕಿತ್ಸೆಯೇ. ಇಸಬ್‌ಗೋಲು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿದ್ರೆ ಹಲವರಿಗೆ ಸಹಾಯವಾಗುತ್ತೆ. ಆದರೆ ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಮೀಟಿಂಗ್ ಇಟ್ಟು, ‘ವೆಲ್‌ನೆಸ್ ವೀಕ್’ ಅಂತ ಇಮೇಲ್ ಕಳಿಸೋ ಮ್ಯಾನೇಜರುಗಳೇ, ಯಾರ ಕಿವಿಗೆ ಹೂವು ಇಡ್ತಿದ್ದೀರಿ?

ಒಂದು ಎಚ್ಚರಿಕೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ರೆ ಐಬಿಎಸ್ ಅಂದ್ಕೊಂಡು ಕೂರಬೇಡಿ. ಡಾಕ್ಟರ್ ಹತ್ರ ಹೋಗಿ, ಅವರು ‘ಬರೀ ಗ್ಯಾಸು’ ಅಂದ್ರೆ ಇನ್ನೊಬ್ಬರ ಹತ್ರ ಹೋಗಿ.

ಹೋದ ತಿಂಗಳು ಮೊದಲ ಸಲ ಟೀಮ್ ಗ್ರೂಪಿನಲ್ಲಿ ಟ್ರಾಫಿಕ್ ಅನ್ನಲಿಲ್ಲ. ‘ಹೊಟ್ಟೆ ಸರಿಯಿಲ್ಲ, ಹತ್ತೂವರೆಗೆ ಬರ್ತೀನಿ’ ಅಂತ ಬರೆದೆ. ಯಾರೂ ನಗಲಿಲ್ಲ. ಹತ್ತು ನಿಮಿಷಕ್ಕೆ ಒಬ್ಬ ಪ್ರತ್ಯೇಕವಾಗಿ ಮೆಸೇಜ್ ಮಾಡಿದ: ‘ನಿಂಗೂನಾ?’