ಕಾರ್ಡು ಹೊಸದು, ನಂಬರು ಹಳೆಯದು

ಕಳೆದ ತಿಂಗಳು ಉಪನಗರದ ಹೊಟೇಲೊಂದರ ಕೆಲಸಗಾರರೊಬ್ಬರು ನಮ್ಮ ಸಂಘದ ಕಚೇರಿಗೆ ಬಂದಿದ್ದರು. ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿದ್ದಾರೆ. ಯಾರಿಂದಲೂ ಕೈಗಡ ಕೂಡ ತೆಗೆದವರಲ್ಲ. ಅಂಥವರಿಗೆ ಸಾಲದ ಕಂತು ಬಾಕಿಯೆಂದು ದಿನವೂ ಫೋನು. ಖೋಲಿ ಹಿಡಿಯುವಾಗ, ಸಿಮ್ ಕೊಳ್ಳುವಾಗ, ಕೆಲಸಕ್ಕೆ ಸೇರುವಾಗ ಕೊಟ್ಟ ಆಧಾರ್ ಪ್ರತಿಗಳಲ್ಲಿ ಯಾವುದು ಯಾರ ಕೈ ಸೇರಿತೋ! ಪಾಪ, ಒಂದು ದಿನದ ಪಗಾರ ಕಳೆದುಕೊಂಡು ಹೊಸ ಕಾರ್ಡು ಮಾಡಿಸಿದರು. ಕಾರ್ಡು ಬಂತು, ಫೋನು ನಿಲ್ಲಲಿಲ್ಲ.

ನಿಲ್ಲುವುದಾದರೂ ಹೇಗೆ? ಆಧಾರ್ ಆಗಲಿ ಪ್ಯಾನ್ ಆಗಲಿ, ಮತ್ತೆ ಮುದ್ರಿಸಿ ಕೊಡುವ ಕಾರ್ಡಿನಲ್ಲಿರುವುದು ಅದೇ ಹಳೆಯ ನಂಬರು. ಕಳ್ಳನ ಕೈಯಲ್ಲಿರುವುದೂ ಅದೇ. ಹಳೆಯ ಬೀಗಕ್ಕೆ ಬಣ್ಣ ಬಳಿದಂತಾಯಿತು, ಅಷ್ಟೆ.

ನಮ್ಮವರು ಇನ್ನೊಂದು ತಪ್ಪು ಮಾಡುತ್ತಾರೆ. ಕಾರ್ಡು ಕಿಸೆಯಲ್ಲೇ ಇದ್ದರೂ ಠಾಣೆಯಲ್ಲಿ 'ಕಳೆದುಹೋಗಿದೆ' ಎಂದು ಬರೆಸಿ ಬರುತ್ತಾರೆ. ಹಾಗಲ್ಲ, 'ನನ್ನ ಹೆಸರಿನಲ್ಲಿ ಮೋಸವಾಗಿದೆ' ಎಂದೇ ಬರೆಸಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಇದಕ್ಕೆ 3 ವರ್ಷದವರೆಗೆ ಸಜೆಯೂ 1 ಲಕ್ಷದವರೆಗೆ ದಂಡವೂ ಉಂಟು. ಬ್ಯಾಂಕಿನಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು 'ಸಂಚಾರ್ ಸಾಥಿ'ಯಲ್ಲಿ ನೋಡಬಹುದು. ನಿಮ್ಮದಲ್ಲದ್ದನ್ನು ಅಲ್ಲಿಯೇ ತಿಳಿಸಬಹುದು. ಸಾಲದ ಲೆಕ್ಕವಿಡುವ ಸಿಬಿಲ್ ಮೊದಲಾದ ನಾಲ್ಕು ಕಂಪೆನಿಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ಅದರಲ್ಲಿ ಸುಳ್ಳು ಸಾಲವಿದ್ದರೆ ತಕರಾರು ಬರೆಯಿರಿ. ದೂರು 30 ದಿನಗಳಲ್ಲಿ ತೀರದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕು 2023ರಲ್ಲಿ ವಿಧಿಸಿದೆ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಧಾರ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ. ಒಳ್ಳೆಯದೇ. ಆದರೆ ಬೆರಳೊತ್ತಿ ರೇಶನ್ ತರುವವರು ಅಂಗಡಿಗೆ ಹೋಗುವ ಮೊದಲು ಬೀಗ ತೆಗೆಯಲು ಮರೆಯಬಾರದು. ಮರೆತರೆ ಬರಿಗೈಯಲ್ಲೇ ಮರಳಬೇಕು.

ನಮ್ಮ ಆಕ್ಷೇಪವಿರುವುದು ಬೇರೆ ಕಡೆ. ಒಂದು ಪ್ರತಿಯನ್ನು ನಂಬಿ, ಮುಖವನ್ನೂ ನೋಡದೆ ಸಾಲ ಕೊಟ್ಟವರು ಸುಖವಾಗಿದ್ದಾರೆ. ಸಾಲ ತೆಗೆಯದವನು ಠಾಣೆ, ಬ್ಯಾಂಕು, ಕಂಪೆನಿಯೆಂದು ರಜೆ ಹಾಕಿ ಅಲೆಯುತ್ತಾನೆ. ಕೊಟ್ಟವರೇ ರುಜುವಾತು ಮಾಡಲಿ! ಮಾಲಿಕರಿಗೂ ಒಂದು ಮಾತು: ಕೆಲಸಗಾರನ ಮೂಲ ಕಾಗದಗಳನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ನಿಲ್ಲಬೇಕು.

ಗಿರಣಿಯ ಹಿರಿಯರ ಕಷ್ಟ ಇದಕ್ಕೂ ದೊಡ್ಡದು. ಮ್ಹಾಡಾ ಮನೆಗಾಗಿ ಕಾದಿರುವವರಿಗೆ ಗಿರಣಿಯ ಹಳೆಯ ಗುರುತಿನ ಚೀಟಿ, ಇ.ಎಸ್.ಐ. ಕಾರ್ಡುಗಳೇ ಸಾಕ್ಷಿ. ಆಧಾರ್ ಮತ್ತೊಮ್ಮೆ ಮುದ್ರಣವಾದೀತು. ಮುಚ್ಚಿಹೋದ ಗಿರಣಿಯ ಚೀಟಿಯನ್ನು ಯಾರು ಬರೆದುಕೊಡುತ್ತಾರೆ? ಮನೆ ಕೊಡಿಸುವೆನೆನ್ನುವ ದಲಾಲನ ಕೈಗೆ ಮೂಲಪ್ರತಿ ಕೊಡಲೇಬೇಡಿ.

ಈ ಅರ್ಜಿಗಳನ್ನು ಬರೆದುಕೊಡಲು ನಮ್ಮ ಸಂಘ ವಾರಕ್ಕೊಂದು ದಿನ ಇಬ್ಬರು ಓದಿದ ಹುಡುಗರನ್ನು ಕೂರಿಸಬೇಕೆಂಬುದು ನಮ್ಮ ಸೂಚನೆ. ಆದಿತ್ಯವಾರ ಬೇಡ; ಹೊಟೇಲಿನವರಿಗೆ ಅಂದೇ ಗಿರಾಕಿ ಹೆಚ್ಚು. ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ನಡುವೆ, 3ರಿಂದ 5ರವರೆಗೆ ಇಟ್ಟರೆ ನಮ್ಮವರು ಬಂದಾರು.